ಮಂತ್ರಿಪೀಠದ ಹೊಸಿಲಲ್ಲಿ ಫ್ರಾನ್ಸಿನ ಸಮಾಜವಾದಿಗಳು

1899ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಹೊಸ ಮಂತ್ರಿಮಂಡಲ ಏರ್ಪಟ್ಟಿತು. ವಾಲ್ಡೆಕ್ ರೂಸೋ ಎಂಬ ನ್ಯಾಯವಾದಿ ಅದರ ಮುಖಂಡ. ಮಂತ್ರಿಗಳ ಪಟ್ಟಿ ಪ್ರಕಟವಾದಾಗ ಅದರೊಳಗಿನ ಎರಡು ಹೆಸರುಗಳು ಜನರನ್ನು ಬೆರಗುಗೊಳಿಸಿದುವು. ವಾಣಿಜ್ಯ ಮತ್ತು ಕೈಗಾರಿಕೆಗಳ ಮಂತ್ರಿ ಅಲೆಕ್ಸಾಂಡ್ರ್ ಮಿಲ್ಲರಾನ್. ನಲವತ್ತು ವರ್ಷ ವಯಸ್ಸಿನ ವಕೀಲ, ಸಮಾಜವಾದಿ. ಯುದ್ಧಮಂತ್ರಿ ಜನರಲ್ ಗಲಿಫೆ. 1871ರ ಮೇ ತಿಂಗಳಿನಲ್ಲಿ ಪ್ಯಾರಿಸ್ ಕಮ್ಯೂನಿನ ದಂಗೆಯನ್ನು ಅಡಗಿಸಿದ ಸೇನಾನಿಗಳಲ್ಲಿ ಒಬ್ಬ. ಸೆರೆ ಸಿಕ್ಕವರ ಸಾಲಿನ ಮುಂದೆ ನಡೆದುಹೋಗುತ್ತ, ತನಗೆ ತೋರಿದವರನ್ನು ಆರಿಸಿ ತೆಗೆದು ಗುಂಡಿಗೆ ಗುರಿಮಾಡಿಸಿದವನೆಂದು ಹೆಸರಾದವನು. ಕಮ್ಯೂನಿನಲ್ಲಿ ಮಡಿದವರನ್ನು ಹುತಾತ್ಮರೆಂದು ವರ್ಷ ವರ್ಷವೂ ನೆನೆಯುತ್ತಿದ್ದ ಪಂಗಡದವನೊಬ್ಬನೂ, ಅವರನ್ನು ಕೊಲ್ಲಿಸಿದವನೂ ಈಗ ಒಂದೇ ಮೇಜಿನ ಸುತ್ತ ಕುಳಿತು ರಾಜ್ಯಭಾರ ಮಾಡಬೇಕಾಗಿ ಬಂದಿತು.

ಇರುವ ಸಮಾಜವ್ಯವಸ್ಥೆಯನ್ನು ಬುಡಸಹಿತ ಬದಲಾಯಿಸಬೇಕೆಂದು ಹೊರಟ ಪಕ್ಷವು ಅದೇ ವ್ಯವಸ್ಥೆಯ ಮಂತ್ರಿಪೀಠದಲ್ಲಿ ಕುಳಿತುಕೊಳ್ಳಬಹುದೆ? ಕುಳಿತರೆ ಬದಲಾಗುವುದು ಪೀಠವೋ, ಪೀಠವನ್ನೇರಿದವನೋ? ಫ್ರಾನ್ಸಿನ ಸಮಾಜವಾದಿ ಪಕ್ಷಗಳ ಚರಿತ್ರೆಯನ್ನು ಮೇಲೆ ಮೇಲೆ ನೋಡಿದವರಿಗೆ ಅದು ಕೇವಲ ಒಡಕುಗಳ ಲೆಕ್ಕದಂತೆ ಕಾಣುತ್ತದೆ: ಒಂದು ಪಕ್ಷ ಎರಡಾಯಿತು, ಎರಡು ಐದಾದುವು, ಐದು ಒಂದಾದುವು, ಒಂದು ಮತ್ತೆ ಎರಡಾಯಿತು. ಆ ಒಡಕುಗಳಲ್ಲಿ ಮುಖ್ಯವಾದ ಕೆಲವನ್ನು ನಾವು ಹತ್ತಿರದಿಂದ ನೋಡಿದರೆ, ಪ್ರತಿಸಲವೂ ಕಾಲು ಎಡವಿದ ಸ್ಥಳ ಈ ಹೊಸಿಲೇ ಎಂಬುದು ಗೊತ್ತಾಗುತ್ತದೆ.

ಕಮ್ಯೂನು ಅಡಗಿದ ಮೇಲೆ ಕೆಲವು ವರ್ಷ ಸಮಾಜವಾದದ ಹೆಸರನ್ನು ಬಹಿರಂಗವಾಗಿ ಎತ್ತುವವರು ವಿರಳರಾದರು. ನಾಯಕರು ಸತ್ತಿದ್ದರು, ಉಳಿದವರು ಲಂಡನ್, ಜಿನೀವಾಗಳಿಗೆ ಓಡಿಹೋಗಿದ್ದರು, ಸೆರೆ ಸಿಕ್ಕವರಲ್ಲಿ ಅನೇಕರು ಶಾಂತಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪಕ್ಕೆ ಗಡೀಪಾರಾಗಿದ್ದರು. 1879ರಲ್ಲಿ ಮಾರ್ಸೇಲ್ಸ್ ಬಂದರಿನಲ್ಲಿ ಸೇರಿದ ಕಾರ್ಮಿಕರ ಮಹಾಸಭೆಯು ತನ್ನದೇ ಆದ ಒಂದು ಪಕ್ಷವಿರಬೇಕೆಂದು ನಿರ್ಣಯಿಸಿತು. ಅದರ ಮುಂದಾಳು ಜೂಲ್ ಗೇಡ್: ನೀಳವಾದ ಗಡ್ಡ, ಕೃಶಶರೀರ, ಮೂಗಿನ ಮೇಲೆ ಕನ್ನಡಕ, ಶಾಸನ ಓದುವಂತಹ ಕಟುವಾದ ಧ್ವನಿ. 1880ರಲ್ಲಿ ಅವನು ಲಂಡನ್ನಿಗೆ ಹೋಗಿ ಕಾರ್ಲ್ ಮಾರ್ಕ್ಸನನ್ನು ಕಂಡನು. ಪಕ್ಷದ ಕಾರ್ಯಕ್ರಮದ ಪೀಠಿಕೆಯನ್ನು ಮಾರ್ಕ್ಸನೇ ಬಾಯಲ್ಲಿ ಹೇಳಿ ಬರೆಸಿದನು. ಮಾರ್ಕ್ಸನ ಅಳಿಯನಾದ ಪಾಲ್ ಲಫಾರ್ಗನೂ ಅಲ್ಲಿದ್ದನು. ಫ್ರೆಂಚ್ ಪಕ್ಷದ ಜಾತಕ ಹೀಗೆ ಲಂಡನ್ನಿನಲ್ಲಿ ಬರೆಯಲ್ಪಟ್ಟಿತು.

ಜಾತಕ ಬರೆದು ಎರಡೇ ವರ್ಷ. 1882ರಲ್ಲಿ ಸೇಂಟ್ ಎತಿಯೆನ್ ನಗರದ ಸಭೆಯಲ್ಲಿ ಮನೆ ಒಡೆಯಿತು. ವೈದ್ಯನಾದ ಪಾಲ್ ಬ್ರೂಸನ ವಾದ ಇದು: ಕ್ರಾಂತಿ ಬರುವ ತನಕ ಕೈಕಟ್ಟಿ ಕೂರುವುದೇತಕ್ಕೆ? ನಗರಸಭೆಗಳನ್ನು ಗೆದ್ದು ನೀರು, ಗ್ಯಾಸ್ ದೀಪ, ಟ್ರಾಮು ಇವನ್ನೆಲ್ಲ ಸಾರ್ವಜನಿಕರ ಸ್ವತ್ತಾಗಿ ಮಾಡೋಣ. ಆಗುವಷ್ಟನ್ನು ಆಗುವಾಗ ಮಾಡೋಣ. ಗೇಡನ ಕಡೆಯವರು ಇವರಿಗೆ ‘ಸಾಧ್ಯವಾದಿಗಳು’ ಎಂದು ಪರಿಹಾಸದ ಹೆಸರಿಟ್ಟು, ಸಭೆಯಿಂದೆದ್ದು ಹತ್ತಿರದ ರೋಆನ್ ಊರಿಗೆ ಹೋಗಿ ಬೇರೆ ಸಭೆ ಮಾಡಿದರು. ಸಾಧ್ಯವಾದಿಗಳೊಳಗಿಂದ 1890ರಲ್ಲಿ ಝಾನ್ ಅಲ್ಮಾನ್ ಸಿಡಿದು ಹೊರಬಂದನು. ಅವನು ಅಚ್ಚುಕೂಟದ ಕೆಲಸಗಾರ. ನ್ಯೂ ಕ್ಯಾಲೆಡೋನಿಯಾದ ಸೆರೆಯನ್ನು ಅನುಭವಿಸಿ ಬಂದವನು. ಶಾಸನಸಭೆಗಿಂತ ಸಾರ್ವತ್ರಿಕ ಮುಷ್ಕರದಲ್ಲಿ ಅವನಿಗೆ ನಂಬಿಕೆ. ಇವರಲ್ಲದೆ ಎದ್ವಾರ್ ವಾಯಾನನ ಹಿಂದೆ ಹಳೆಯ ಕಮ್ಯೂನಿನ ವೀರರದೊಂದು ಗುಂಪು. ಯಾವ ಗುಂಪಿಗೂ ಸೇರದೆ ತಮ್ಮನ್ನು ಸ್ವತಂತ್ರರೆಂದು ಕರೆದುಕೊಂಡ ವಕೀಲರು, ಉಪಾಧ್ಯಾಯರು, ಪತ್ರಿಕಾಕರ್ತರದು ಮತ್ತೊಂದು. ಅಂತೂ ಶತಮಾನ ಮುಗಿಯುವ ಹೊತ್ತಿಗೆ ಐದು ಪಂಗಡಗಳು. ಇವುಗಳ ಒಳಜಗಳಗಳನ್ನು ವಿವರಿಸುತ್ತ ಹೋದರೆ ನಮಗೂ ಬೇಸರ, ಕೇಳುವವರಿಗೂ ಬೇಸರ.

ಸ್ವತಂತ್ರರ ಗುಂಪಿನಲ್ಲಿ ಒಬ್ಬನಿದ್ದನು. ಅವನ ವಿಷಯದಲ್ಲಿ ಸ್ವಲ್ಪ ನಿಲ್ಲಲೇಬೇಕು. ಝಾನ್ ಜೋರೆಸ್ ದಕ್ಷಿಣ ಫ್ರಾನ್ಸಿನ ಕಾಸ್ತ್ರ್ ಎಂಬಲ್ಲಿ 1859ರಲ್ಲಿ ಹುಟ್ಟಿದನು, ತತ್ತ್ವಶಾಸ್ತ್ರದ ಅಧ್ಯಾಪಕನಾದನು, 1885ರಲ್ಲಿ ಪ್ರತಿನಿಧಿಸಭೆಗೆ ಆಯ್ಕೆಯಾದಾಗ ಅವನು ಸಮಾಜವಾದಿಯಲ್ಲ, ಸೌಮ್ಯನಾದ ಗಣರಾಜ್ಯವಾದಿ. ಅವನನ್ನು ತಿದ್ದಿದ್ದು ಗ್ರಂಥಗಳಿಗಿಂತ ಹೆಚ್ಚಾಗಿ ಕಾರ್ಮೋ ಊರಿನ ಕಲ್ಲಿದ್ದಲ ಗಣಿ ಎನ್ನಬಹುದು. 1892ರಲ್ಲಿ ಅಲ್ಲಿಯ ಗಣಿಗಾರರು ತಮ್ಮವನೇ ಆದ ಕಾಲ್ವಿಞಾಕ್ ಎಂಬ ಕೆಲಸಗಾರನನ್ನು ಊರಿನ ಪುರಾಧ್ಯಕ್ಷನಾಗಿ ಆರಿಸಿದರು. ಪುರಸಭೆಯ ಕೆಲಸಕ್ಕಾಗಿ ರಜಾ ಕೇಳಿದ ಅವನನ್ನು ಗಣಿಯ ಕಂಪನಿಯವರು ಕೆಲಸದಿಂದ ತೆಗೆದುಹಾಕಿದರು. ಮತ ಕೊಡುವ ಹಕ್ಕನ್ನು ಗಣರಾಜ್ಯ ಕೊಟ್ಟಿದೆ. ಆ ಮತದ ಫಲವನ್ನು ಗಣಿಯ ಒಡೆಯ ಕಸಿದುಕೊಳ್ಳುತ್ತಾನೆ. ಗಣಿಗಾರರು ಮುಷ್ಕರ ಹೂಡಿದರು, ತಿಂಗಳುಗಟ್ಟಲೆ ಹಿಡಿದು ನಿಂತರು, ಗೆದ್ದರು. ಅವರ ಪರವಾಗಿ ಬರೆದು ಹೋರಾಡಿದ ಜೋರೆಸ್ಸನನ್ನು 1893ರ ಜನವರಿಯಲ್ಲಿ ಆ ಕ್ಷೇತ್ರದವರೇ ಪ್ರತಿನಿಧಿಸಭೆಗೆ ಕಳುಹಿಸಿದರು. ಅಂದಿನಿಂದ ಅವನು ಹೇಳುತ್ತ ಬಂದುದರ ಸಾರಾಂಶ ಇಷ್ಟು: ಗಣರಾಜ್ಯವು ರಾಜಕೀಯದಲ್ಲಿ ಮನುಷ್ಯನನ್ನು ಅರಸನನ್ನಾಗಿ ಮಾಡಿ ಕಾರ್ಖಾನೆಯಲ್ಲಿ ದಾಸನಾಗಿ ಬಿಟ್ಟಿದೆ, ಗಣರಾಜ್ಯವನ್ನು ಕಾರ್ಖಾನೆಯ ಒಳಕ್ಕೂ ತೆಗೆದುಕೊಂಡು ಹೋಗುವುದೇ ಸಮಾಜವಾದ.

ಆದುದರಿಂದ ಜೋರೆಸ್ಸನಿಗೆ ಗಣರಾಜ್ಯವು ಕೆಡವಬೇಕಾದ ಮನೆಯಾಗಿರಲಿಲ್ಲ, ಪೂರ್ತಿಮಾಡಬೇಕಾದ ಮನೆಯಾಗಿದ್ದಿತು. ಗೇಡನಿಗೆ ಅದು ಬಂಡವಾಳಗಾರರ ಮನೆ. ಹೊತ್ತಿ ಉರಿದರೂ ಕಾರ್ಮಿಕರಿಗೆ ನಷ್ಟವಿಲ್ಲ. ಡ್ರೇಫಸ್ ಪ್ರಕರಣದಲ್ಲಿ ಈ ಭೇದ ಎಲ್ಲರ ಕಣ್ಣಿಗೂ ಬಿದ್ದಿತು. ಯೆಹೂದ್ಯ ಜನಾಂಗದ ಆ ಸೇನಾಧಿಕಾರಿಯನ್ನು 1894ರಲ್ಲಿ ಸುಳ್ಳು ಸಾಕ್ಷ್ಯದ ಮೇಲೆ ದ್ರೋಹಿಯೆಂದು ಶಿಕ್ಷಿಸಿದ್ದರು. ಅದು ಧನಿಕವರ್ಗದವರ ಮನೆಜಗಳ, ಕಾರ್ಮಿಕರಿಗೆ ಅದರಿಂದೇನು ಎಂದು ಗೇಡನ ಕಡೆಯವರು ಸುಮ್ಮನಾದರು. ಅಷ್ಟು ಅನ್ಯಾಯಕ್ಕೆ ಗುರಿಯಾದವನು ಅಧಿಕಾರಿಯೂ ಅಲ್ಲ, ಧನಿಕನೂ ಅಲ್ಲ, ಬರಿಯ ಮನುಷ್ಯ ಎಂದು ಹೇಳಿ ಜೋರೆಸ್ 1898ರಲ್ಲಿ ಸಾಕ್ಷ್ಯಗಳನ್ನು ಒಂದೊಂದಾಗಿ ಬಿಡಿಸಿ ಪತ್ರಿಕೆಯಲ್ಲಿ ಲೇಖನಮಾಲೆ ಬರೆದನು. ಸೈನ್ಯದ ಪಕ್ಷಪಾತಿಗಳು ಗಣರಾಜ್ಯವನ್ನೇ ಉರುಳಿಸುವರೆಂಬ ಭಯ ಹುಟ್ಟಿದಾಗಲೇ ವಾಲ್ಡೆಕ್ ರೂಸೋವಿನ ರಕ್ಷಣಾ ಮಂತ್ರಿಮಂಡಲ ಬಂದಿತು. ಮಿಲ್ಲರಾನ್ ಗಲಿಫೆಯ ಪಕ್ಕದಲ್ಲಿ ಕುಳಿತನು. ಜೋರೆಸ್ ಮನಸ್ಸಿನೊಳಗೆ ಅಳುಕಿದರೂ ಅವನನ್ನು ಬೆಂಬಲಿಸಿದನು.

ಮಿಲ್ಲರಾನನಿಂದ ಕೆಲಸವೇನೂ ಆಗಲಿಲ್ಲವೆಂದು ಹೇಳಲಾಗದು. ಹೆಂಗಸರು ಮಕ್ಕಳು ಗಂಡಸರೊಡನೆ ಸೇರಿ ದುಡಿಯುವ ಕಾರ್ಖಾನೆಗಳಲ್ಲಿ ದಿನದ ದುಡಿಮೆಯನ್ನು ನಾಲ್ಕು ವರ್ಷಗಳೊಳಗೆ ಹತ್ತು ಗಂಟೆಗೆ ಇಳಿಸುವ 1900ರ ಕಾನೂನು ಅವನದು. ಆದರೆ ಅದೇ ವರ್ಷದ ಜೂನಿನಲ್ಲಿ ಷಾಲೋನ್ ಪಟ್ಟಣದಲ್ಲಿ ಮುಷ್ಕರ ಹೂಡಿದವರ ಮೇಲೆ ಗುಂಡು ಹಾರಿತು. ಆ ಸರ್ಕಾರದಲ್ಲಿ ಅವನೂ ಒಬ್ಬ. 1899ರ ಡಿಸೆಂಬರಿನಲ್ಲಿಯೇ ಎಲ್ಲ ಪಂಗಡದವರೂ ಪ್ಯಾರಿಸ್ಸಿನಲ್ಲಿ ಕೂಡಿ, ವರ್ಗಸಂಘರ್ಷದ ತತ್ತ್ವಕ್ಕೆ ಮಂತ್ರಿಪದವಿ ಒಗ್ಗುವುದಿಲ್ಲವೆಂದು ಒಂದು ನಿರ್ಣಯವನ್ನೂ, ಅಸಾಧಾರಣ ಸಂದರ್ಭಗಳಲ್ಲಿ ಆ ವಿಷಯವನ್ನು ಯೋಚಿಸಬಹುದೆಂದು ಇನ್ನೊಂದನ್ನೂ ಒಪ್ಪಿಕೊಂಡರು. ಮರುವರ್ಷ ಪ್ಯಾರಿಸ್ಸಿನಲ್ಲಿಯೇ ಸೇರಿದ ಅಂತರರಾಷ್ಟ್ರೀಯ ಮಹಾಸಭೆ ಜರ್ಮನ್ ಪಂಡಿತ ಕೌಟ್‌ಸ್ಕಿಯ ಸೂಚನೆಯ ಮೇಲೆ ಇಂಥದೇ ಠರಾವನ್ನು ಮಾಡಿತು. ಅದನ್ನು ಹೇಗೆ ಎಳೆದರೂ ಎಳೆದ ಕಡೆಗೆ ಬರುತ್ತಿದ್ದುದರಿಂದ ‘ರಬ್ಬರಿನ ಠರಾವು’ ಎಂಬ ಅಡ್ಡಹೆಸರು ಅದಕ್ಕೆ ಅಂಟಿಕೊಂಡಿತು. ನಿರ್ಣಯ ರಬ್ಬರಿನದಾದರೂ ಮನಸ್ಸುಗಳು ರಬ್ಬರಿನವಾಗಿರಲಿಲ್ಲ. 1902ರ ಹೊತ್ತಿಗೆ ಐದು ಪಂಗಡಗಳು ಎರಡು ಪಕ್ಷಗಳಾಗಿ ನಿಂತವು: ಮಂತ್ರಿಪದವಿಯನ್ನು ಒಲ್ಲೆನೆನ್ನುವ ಗೇಡ್ ವಾಯಾನರದು ಒಂದು, ಜೋರೆಸ್ಸನ ಕಡೆಯವರದು ಒಂದು.

ಪಂಚಾಯಿತಿ ನಡೆದದ್ದು ಪರದೇಶದಲ್ಲಿ. 1904ರ ಆಗಸ್ಟಿನಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಂತರರಾಷ್ಟ್ರೀಯ ಸಂಘದ ಮುಂದೆ ಜೋರೆಸ್ಸನೂ ಜರ್ಮನ್ ಸಮಾಜವಾದಿಗಳ ಹಿರಿಯನಾದ ಬೇಬೆಲನೂ ಎದುರುಬದುರಾದರು. ನಿಮಗೆ ಮೂವತ್ತು ಲಕ್ಷ ಮತಗಳಿವೆ. ಆ ಮೂವತ್ತು ಲಕ್ಷವನ್ನು ಇಟ್ಟುಕೊಂಡು ನಿಮ್ಮ ದೇಶದಲ್ಲಿ ನೀವು ಮಾಡಬಲ್ಲುದೇನು ಎಂದು ಜೋರೆಸ್ ಕೇಳಿದನು. ಹತ್ತು ವರ್ಷಗಳ ಮೇಲೆ ಏನಾಯಿತೆಂದು ಬಲ್ಲ ನಮಗೆ ಆ ಪ್ರಶ್ನೆ ಇನ್ನೂ ಚುಚ್ಚುವಂತಿದೆ. ಆದರೆ ತೀರ್ಪು ಅವನ ವಿರುದ್ಧವಾಯಿತು. ಮಂತ್ರಿಪದವಿ ಸಲ್ಲದು; ಒಂದು ದೇಶಕ್ಕೆ ಒಂದೇ ಸಮಾಜವಾದಿ ಪಕ್ಷವಿರತಕ್ಕದ್ದು. ಸೋತ ಜೋರೆಸ್ ತೀರ್ಪಿಗೆ ತಲೆಬಾಗಿದನು. ಹೀಗೆ ಮಣಿಯಬಲ್ಲ ಶಕ್ತಿ ರಾಜಕೀಯದಲ್ಲಿ ಅಪರೂಪವಾದುದು. 1905ರ ಏಪ್ರಿಲ್ ತಿಂಗಳಿನಲ್ಲಿ ಎರಡು ಪಕ್ಷಗಳೂ ಕೂಡಿ ‘ಕಾರ್ಮಿಕರ ಅಂತರರಾಷ್ಟ್ರೀಯ ಸಂಘದ ಫ್ರೆಂಚ್ ಶಾಖೆ’ ಎಂಬ ಉದ್ದವಾದ ಹೆಸರನ್ನು ತಾಳಿದವು. ಹೆಸರಿನ ಮೊದಲಕ್ಷರಗಳಿಂದ ಜನ ಅದನ್ನು ಎಸ್.ಎಫ್.ಐ.ಓ. ಎಂದು ಕರೆದರು. ಸರ್ಕಾರದ ಸೈನ್ಯವೆಚ್ಚಕ್ಕಾಗಲಿ ಒಟ್ಟು ಆಯವ್ಯಯಕ್ಕಾಗಲಿ ಪಕ್ಷದ ಪ್ರತಿನಿಧಿಗಳು ಮತ ಕೊಡಕೂಡದೆಂದು ಕರಾರಾಯಿತು.

ಈ ಕರಾರಿಗೆ ಒಪ್ಪದವರು ಹೊರಟುಹೋದರು. ಹೋದವರ ಭಾಗ್ಯವನ್ನು ನೋಡಿದರೆ ಗೇಡನ ಭಯ ನಿರಾಧಾರವಾಗಿರಲಿಲ್ಲವೆಂದು ಹೇಳಬೇಕಾಗುತ್ತದೆ. ಸಾರ್ವತ್ರಿಕ ಮುಷ್ಕರವನ್ನು ಒಂದು ಕಾಲಕ್ಕೆ ಗಂಟಲು ಹರಿಯುವಂತೆ ಸಾರಿದ್ದ ಅರಿಸ್ತಿದ್ ಬ್ರಿಯಾನ್ ಪ್ರಧಾನಿಯಾಗಿ, 1910ರಲ್ಲಿ ರೈಲ್ವೆಯವರು ಮುಷ್ಕರ ಹೂಡಿದಾಗ ಅವರನ್ನೆಲ್ಲ ಸೈನ್ಯದ ಕರೆಯಡಿ ತಂದು ಮುಷ್ಕರವನ್ನು ಮುರಿದನು. ಮಿಲ್ಲರಾನ್ ಯುದ್ಧಮಂತ್ರಿಯಾದನು, ಪ್ರಧಾನಿಯಾದನು, 1920ರಲ್ಲಿ ಗಣರಾಜ್ಯದ ಅಧ್ಯಕ್ಷನೂ ಆದನು. ಅಷ್ಟು ಹೊತ್ತಿಗೆ ಅವನು ಬಲಪಕ್ಷದವರ ಕಣ್ಮಣಿ.

ಒಂದಾದ ಪಕ್ಷಕ್ಕೆ ಒಂದು ಹುಟ್ಟು ಕೊರತೆಯಿದ್ದಿತು. ಇಂಗ್ಲೆಂಡಿನ ಲೇಬರ್ ಪಕ್ಷವನ್ನು ಹೆತ್ತದ್ದೇ ಕೂಲಿಗಾರ ಸಂಘಗಳು. ಜರ್ಮನಿಯಲ್ಲಿ ಪಕ್ಷವೂ ಸಂಘವೂ ಒಂದು ಗಾಡಿಯ ಎರಡು ಎತ್ತುಗಳು. ಫ್ರಾನ್ಸಿನಲ್ಲಿಯೋ, 1895ರಲ್ಲಿ ಸ್ಥಾಪಿತವಾದ ಕಾರ್ಮಿಕ ಸಂಘಗಳ ಮಹಾಮಂಡಲವು 1906ರಲ್ಲಿ ಆಮಿಯೆನ್ ನಗರದಲ್ಲಿ ಸೇರಿ, ತನಗೂ ಯಾವ ರಾಜಕೀಯ ಪಕ್ಷಕ್ಕೂ ಸಂಬಂಧವಿಲ್ಲವೆಂದು ಸಾರಿಬಿಟ್ಟಿತು. ಪಕ್ಷಗಳ ಕಚ್ಚಾಟವನ್ನು ಇಪ್ಪತ್ತು ವರ್ಷ ನೋಡಿ ದಣಿದವರು ಹೀಗೆ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದರ ಪರಿಣಾಮವಾಗಿ ಫ್ರೆಂಚ್ ಸಮಾಜವಾದಿ ಪಕ್ಷಕ್ಕೆ ಲಕ್ಷಾಂತರ ಚಂದಾದಾರರ ಹಣದ ಚೀಲವಿಲ್ಲದೆ ಹೋಯಿತು. ಕಾರ್ಖಾನೆಯ ನೆಲದ ಮೇಲೆ ಕಾಲೂರುವ ಜಾಗವಿಲ್ಲದೆ ಹೋಯಿತು. 1914ರ ಚುನಾವಣೆಯಲ್ಲಿ ಅದಕ್ಕೆ ಸುಮಾರು ಹದಿನಾಲ್ಕು ಲಕ್ಷ ಮತಗಳೂ ನೂರಕ್ಕೆ ಮಿಕ್ಕ ಸ್ಥಾನಗಳೂ ದೊರೆತುವು. ಚಂದಾ ಕೊಡುವ ಸದಸ್ಯರು ಮಾತ್ರ ಒಂದು ಲಕ್ಷವೂ ಇರಲಿಲ್ಲ. ಮತವುಂಟು, ಮಂದಿಯಿಲ್ಲ. ಇಂತಹ ಪಕ್ಷವು ತನ್ನ ಬಲವನ್ನು ತೋರಿಸಬೇಕಾದರೆ ಶಾಸನಸಭೆಯಲ್ಲೇ ತೋರಿಸಬೇಕು. ಶಾಸನಸಭೆಯಲ್ಲಿ ಬಲ ಬೆಳೆದಂತೆಲ್ಲ ಮಂತ್ರಿಪೀಠ ಹತ್ತಿರವಾಗುತ್ತ ಬರುತ್ತದೆ.

1914ರ ಜುಲೈ ತಿಂಗಳ ಕೊನೆಯ ದಿನ. ಜೋರೆಸ್ ಯುದ್ಧವನ್ನು ತಡೆಯಬೇಕೆಂದು ಬ್ರಸೆಲ್ಸಿನ ಸಭೆಗೆ ಹೋಗಿ ಬಂದು, ದಿನವೆಲ್ಲ ಮಂತ್ರಿಗಳ ಬಾಗಿಲಿಗೆ ಅಲೆದು, ರಾತ್ರಿ ತಾನು 1904ರಲ್ಲಿ ಸ್ಥಾಪಿಸಿದ್ದ ‘ಲ್ಯುಮಾನಿತೆ’ ಪತ್ರಿಕೆಯ ಕಚೇರಿಯ ಬಳಿಯ ಉಪಾಹಾರಗೃಹದಲ್ಲಿ ಊಟಕ್ಕೆ ಕುಳಿತಿದ್ದನು. ಬೀದಿಯ ಕಡೆಯ ಕಿಟಕಿಯಿಂದ ರಾವೂಲ್ ವಿಲೆನ್ ಎಂಬ ಯುವಕನು ಗುಂಡು ಹಾರಿಸಿದನು. ಐದು ವರ್ಷಗಳ ಮೇಲೆ, ಯುದ್ಧ ಗೆದ್ದ ಉತ್ಸಾಹದಲ್ಲಿ, ಪ್ಯಾರಿಸ್ಸಿನ ಪಂಚರು ಕೊಲೆಗಾರನನ್ನು ನಿರ್ದೋಷಿಯೆಂದು ಬಿಟ್ಟರು; ನ್ಯಾಯಾಲಯದ ಖರ್ಚನ್ನು ಜೋರೆಸ್ಸನ ವಿಧವೆಯ ಮೇಲೆ ಹೊರಿಸಿದರು.

ಅವನು ಸತ್ತ ನಾಲ್ಕನೆಯ ದಿನ ಪಕ್ಷದ ಪ್ರತಿನಿಧಿಗಳೆಲ್ಲರೂ ಯುದ್ಧವೆಚ್ಚಕ್ಕೆ ಮತಕೊಟ್ಟರು. ಆ ತಿಂಗಳು ಮುಗಿಯುವುದರೊಳಗೆ ಇಬ್ಬರು ಸಮಾಜವಾದಿಗಳು ಮಂತ್ರಿಗಳಾದರು. ಒಬ್ಬ ಮಾರ್ಸೆಲ್ ಸೆಂಬಾ. ಮತ್ತೊಬ್ಬ ಬೇರೆ ಯಾರೂ ಅಲ್ಲ, ಮಿಲ್ಲರಾನನನ್ನು ದ್ರೋಹಿಯೆಂದು ಹದಿನೈದು ವರ್ಷ ಜರೆದಿದ್ದ ಜೂಲ್ ಗೇಡ್. ಯುದ್ಧಮಂತ್ರಿಯ ಪೀಠದಲ್ಲಿ ಅವನ ಪಕ್ಕಕ್ಕೆ ಕುಳಿತವನು ಅದೇ ಮಿಲ್ಲರಾನ್! ಶತ್ರುಸೈನ್ಯ ಪ್ಯಾರಿಸ್ಸಿನ ಹತ್ತಿರಕ್ಕೆ ಬಂದಿದ್ದ ಸಮಯವದು. ನಾವು ಅವನನ್ನು ಹಳಿಯಲಾರೆವು. ಆದರೂ ಮಂತ್ರಿಪೀಠವನ್ನು ಒಲ್ಲೆನೆನ್ನುವ ವ್ರತವನ್ನು ಕೊನೆಗೆ ಮುರಿಸಿದ್ದು ಕಾರ್ಮಿಕರ ಕಷ್ಟವಲ್ಲ, ಯುದ್ಧ ಎಂಬುದನ್ನು ಪಕ್ಷದ ಯುವಕರು ಮರೆಯಲಿಲ್ಲ. ಕಂದಕಗಳಲ್ಲಿ ನಾಲ್ಕು ವರ್ಷ ಕಳೆದು ಬಂದವರಿಗೆ ಅದು ಮರೆಯುವಂತಹ ಮಾತೂ ಆಗಿರಲಿಲ್ಲ.

ಆ ಸಿಟ್ಟು 1920ರ ಡಿಸೆಂಬರಿನಲ್ಲಿ ತೂರ್ ನಗರದ ಮಹಾಸಭೆಯಲ್ಲಿ ಹೊರಕ್ಕೆ ಬಂದಿತು. ಮಾಸ್ಕೋವಿನ ಹೊಸ ಅಂತರರಾಷ್ಟ್ರೀಯ ಸಂಘವನ್ನು ಸೇರಬೇಕೆ, ಬೇಡವೆ ಎಂಬುದೇ ವಿಷಯ. ಸೇರುವವರಿಗೆ ಇಪ್ಪತ್ತೊಂದು ಷರತ್ತುಗಳಿದ್ದುವು: ಪಕ್ಷದ ಹೆಸರು ಬದಲಾಗಬೇಕು, ಸುಧಾರಣಾವಾದಿಗಳನ್ನು ಹೊರದೂಡಬೇಕು, ಕೇಂದ್ರದ ಆಜ್ಞೆ ಶಿರಸಾವಹಿಸಬೇಕು. ಸಭೆಯ ನಡುವೆ ಒಮ್ಮೆ ಬಾಗಿಲುಗಳನ್ನು ಮುಚ್ಚಿ ದೀಪಗಳನ್ನಾರಿಸಿದರು. ಮತ್ತೆ ಬೆಳಕಾದಾಗ, ಪೋಲೀಸರ ಕಣ್ಣು ತಪ್ಪಿಸಿ ಗಡಿ ದಾಟಿ ಬಂದ ಜರ್ಮನ್ ನಾಯಕಿ ಕ್ಲಾರಾ ಸೆಟ್ಕಿನ್ ವೇದಿಕೆಯ ಮೇಲಿದ್ದಳು. ಮಾಸ್ಕೋವಿನಿಂದ ಜಿನೋವಿಯೆಫನ ತಂತಿ ಬಂದಿತು. ಮಾರ್ಕ್ಸನ ಸ್ವಂತ ಮೊಮ್ಮಗನಾದ ಝಾನ್ ಲಾಂಗೆ ಮತ್ತು ಅವನ ಗೆಳೆಯರಿಗೆ ಹೊಸ ಸಂಘದಲ್ಲಿ ಸ್ಥಳವಿಲ್ಲವೆಂದು ಅದರ ತಾತ್ಪರ್ಯ. ಮಾರ್ಕ್ಸನ ಹೆಸರಿನಲ್ಲಿ ಮಾರ್ಕ್ಸನ ಮೊಮ್ಮಗನಿಗೆ ಬಹಿಷ್ಕಾರ!

ಅದೇ ಸಭೆಯಲ್ಲಿ ನಮ್ಮ ಏಷ್ಯದವನೊಬ್ಬ ಮಾತನಾಡಿದನು. ಛಾಯಾಚಿತ್ರಗಳನ್ನು ತಿದ್ದುವ ಕೆಲಸದಿಂದ ಪ್ಯಾರಿಸ್ಸಿನಲ್ಲಿ ಜೀವನ ಮಾಡುತ್ತಿದ್ದ ಕೃಶಾಂಗನಾದ ಆ ಯುವಕನ ಹೆಸರು ಅಂದು ಙುಯೆನ್ ಐ ಕ್ವೋಕ್. ಮುಂದೆ ಲೋಕವೆಲ್ಲ ಅವನನ್ನು ಹೋ ಚಿ ಮಿನ್ ಎಂದು ಕರೆಯಿತು. ಇಂಡೋಚೀನದಲ್ಲಿ ಫ್ರೆಂಚರು ನಡೆಸುತ್ತಿರುವ ಸುಲಿಗೆಯನ್ನು ವರ್ಣಿಸಿ, ಪಕ್ಷವು ಅಲ್ಲಿಯ ಜನಕ್ಕಾಗಿ ಏನಾದರೂ ಮಾಡಲಿ ಎಂದು ಅವನು ಕೇಳಿದನು. ತಾನು ಆ ವಿಷಯವನ್ನು ಶಾಸನಸಭೆಯಲ್ಲಿ ಎತ್ತಿದ್ದೇನೆಂದು ಲಾಂಗೆ ನಡುವೆ ಬಾಯಿಹಾಕಿದನು. ಅಷ್ಟರಿಂದ ಆ ಯುವಕನಿಗೆ ತೃಪ್ತಿಯಾಗಲಿಲ್ಲ. ಅವನು ಮಾಸ್ಕೋವಿನ ಕಡೆಗೆ ಮತ ಕೊಟ್ಟನು. ಫ್ರೆಂಚ್ ಸಮಾಜವಾದದ ಚರಿತ್ರೆಯಲ್ಲಿ ಆ ಎರಡು ನಿಮಿಷಗಳಿಗೆ ಫ್ರೆಂಚ್ ಲೇಖಕರು ಕೊಡುವ ಸ್ಥಾನಕ್ಕಿಂತ ಹೆಚ್ಚಿನ ಸ್ಥಾನವನ್ನು ನಾವು ಕೊಡಬೇಕೆಂದು ತೋರುತ್ತದೆ.

ಮತ ಎಣಿಸಿದಾಗ ಮೂರು ಸಾವಿರಕ್ಕೂ ಮಿಕ್ಕು ಮಾಸ್ಕೋವಿನ ಕಡೆ, ಸಾವಿರದಷ್ಟು ಎದುರು ಕಡೆ. ಬಹುಸಂಖ್ಯಾತರು ಕಮ್ಯೂನಿಸ್ಟ್ ಪಕ್ಷವಾದರು. ಜೋರೆಸ್ಸನ ಪತ್ರಿಕೆ ಅವರ ಕೈಸೇರಿತು. ಅಲ್ಪಸಂಖ್ಯಾತರ ಪರವಾಗಿ ಮಾತನಾಡಿದವನು ಲೆಯೋನ್ ಬ್ಲೂಮ್. ನೀವು ಹೊಸ ಸಾಹಸಕ್ಕೆ ಹೊರಟಿದ್ದೀರಿ, ಹೋಗಿ. ಹಳೆಯ ಮನೆಯನ್ನು ಕಾಯುವುದಕ್ಕೆ ಯಾರಾದರೂ ಒಬ್ಬರಿರಬೇಕು. ನಾವಿರುತ್ತೇವೆ ಎಂಬುದು ಅವನ ಭಾಷಣದ ಭಾವ. ಹಳೆಯ ಮನೆ ಎಂಬ ಆ ಮಾತು ಪಕ್ಷಕ್ಕೆ ಬಿರುದಿನಂತೆ ಉಳಿಯಿತು.

ಬ್ಲೂಮ್ ಸಾಹಿತ್ಯ ವಿಮರ್ಶಕ, ನ್ಯಾಯಶಾಸ್ತ್ರನಿಪುಣ. ಹೊಸಿಲಿನ ಪ್ರಶ್ನೆಗೆ ಶಾಸ್ತ್ರೀಯವಾದ ಉತ್ತರವನ್ನು ಹುಡುಕಲು ಹೊರಟವನು ಅವನೊಬ್ಬನೇ ಎನ್ನಬಹುದು. ಅಧಿಕಾರವನ್ನು ಗೆಲ್ಲುವುದು ಬೇರೆ, ಅಧಿಕಾರವನ್ನು ನಡೆಸುವುದು ಬೇರೆ ಎಂದು ಅವನು 1926ರಲ್ಲಿ ವಿಂಗಡಿಸಿದನು. ಮೊದಲನೆಯದು ಕ್ರಾಂತಿ, ಎರಡನೆಯದು ಇರುವ ವ್ಯವಸ್ಥೆಯ ಕಟ್ಟಿನೊಳಗೇ ಶಕ್ತಿಯಿದ್ದಷ್ಟು ಸುಧಾರಣೆ. ಬೇರೆ ಪಕ್ಷದ ಮಂತ್ರಿಮಂಡಲದಲ್ಲಿ ನಾಲ್ಕು ಪೀಠಗಳನ್ನು ಬೇಡಿ ಪಡೆಯುವುದು ಇವೆರಡೂ ಅಲ್ಲ. ಆದಕಾರಣ ಅದು ಬೇಡ. 1924ರಲ್ಲಿ ಎಡಪಕ್ಷಗಳ ಕೂಟ ಗೆದ್ದಾಗ ಸಮಾಜವಾದಿಗಳು ಹೊರಗಿದ್ದುಕೊಂಡೇ ಮತದ ಬೆಂಬಲ ಕೊಟ್ಟಿದ್ದರು. ಹೀಗೆ ಹೊರಜಗುಲಿಯಲ್ಲಿ ಕುಳಿತಿರಲಾರದವರು 1933ರಲ್ಲಿ ಮತ್ತೊಮ್ಮೆ ಒಡೆದು ಹೋದರು. ಅವರ ಮುಖಂಡ ಮಾರ್ಸೆಲ್ ದೆಆ, ಮುಂದೆ ಹಿಟ್ಲರನ ಸಹಕಾರಿಯಾದನು.

ಬ್ಲೂಮನ ವಿಂಗಡಣೆಗೆ ಪರೀಕ್ಷೆ ಬಂದದ್ದು 1936ರಲ್ಲಿ. 1934ರ ಫೆಬ್ರವರಿ 6ರಂದು ಬಲಪಕ್ಷದ ದಳಗಳು ಪ್ರತಿನಿಧಿಸಭೆಯ ಎದುರು ನಡೆಸಿದ ರಕ್ತಮಯವಾದ ಗಲಭೆ ಸಮಾಜವಾದಿಗಳನ್ನೂ ಕಮ್ಯೂನಿಸ್ಟರನ್ನೂ ಮತ್ತೆ ಹತ್ತಿರಕ್ಕೆ ತಂದಿತು. ಮಧ್ಯಮಮಾರ್ಗಿಗಳಾದ ರ್‍ಯಾಡಿಕಲರೂ ಸೇರಿ ಜನತಾರಂಗವಾಯಿತು. 1936ರ ಮೇ 3ರಂದು ಮುಗಿದ ಚುನಾವಣೆಯಲ್ಲಿ ರಂಗ ಗೆದ್ದಿತು. ಅದರೊಳಗೆ ಸಮಾಜವಾದಿಗಳೇ ದೊಡ್ಡ ಪಕ್ಷ. ಬ್ಲೂಮ್ ಅಧಿಕಾರ ವಹಿಸಿಕೊಳ್ಳುವ ಮೊದಲೇ ಕಾರ್ಖಾನೆಗಳಲ್ಲಿ ಮುಷ್ಕರ ಎದ್ದಿತು. ಕೆಲಸಗಾರರು ಹೊರಬಂದು ಕೂಗಲಿಲ್ಲ, ಒಳಗೇ ಕುಳಿತರು. ಯಂತ್ರಗಳನ್ನು ಜೋಪಾನವಾಗಿ ನೋಡಿಕೊಂಡರು. ರಾತ್ರಿ ಅಕಾರ್ಡಿಯನ್ ನುಡಿಸಿ ಕುಣಿದರು. ಇಪ್ಪತ್ತು ಲಕ್ಷದಷ್ಟು ಜನ ಹೀಗೆ ಕೆಲಸ ನಿಲ್ಲಿಸಿದ್ದರು. ಜೂನ್ 7ರ ರಾತ್ರಿ ಪ್ರಧಾನಿಯ ನಿವಾಸವಾದ ಮಾತಿಞೋನ್ ಭವನದಲ್ಲಿ ಒಡೆಯರೂ ಕಾರ್ಮಿಕ ಮುಖಂಡರೂ ಕೂತು ರುಜುಹಾಕಿದರು: ಕೂಲಿಯಲ್ಲಿ ನೂರಕ್ಕೆ 7ರಿಂದ 15ರವರೆಗೆ ಹೆಚ್ಚಳ, ಸಂಘ ಕಟ್ಟುವ ಹಕ್ಕಿಗೆ ಮನ್ನಣೆ. ಆ ತಿಂಗಳೊಳಗೆ ವಾರಕ್ಕೆ ನಲವತ್ತು ಗಂಟೆಯ ದುಡಿಮೆ, ವರ್ಷಕ್ಕೆ ಹದಿನೈದು ದಿನ ಸಂಬಳಸಹಿತ ರಜಾ ಇವು ಕಾನೂನಾದುವು. ಲೆಯೋ ಲಗ್ರಾಂಜ್ ಎಂಬ ತರುಣ ಮಂತ್ರಿ ರಜಾ ಹೋಗುವವರಿಗೆ ರೈಲಿನ ದರದಲ್ಲಿ ನೂರಕ್ಕೆ ನಲವತ್ತು ರಿಯಾಯಿತಿ ಕೊಡಿಸಿದನು. ಆ ಬೇಸಗೆಯಲ್ಲಿ ಫ್ರಾನ್ಸಿನ ಲಕ್ಷಾಂತರ ಕುಟುಂಬಗಳು ಮೊದಲ ಸಲ ಸಮುದ್ರವನ್ನು ಕಂಡುವು. ಸ್ತ್ರೀಯರಿಗೆ ಮತದಾನದ ಹಕ್ಕೇ ಇಲ್ಲದಿದ್ದ ದೇಶದಲ್ಲಿ ಬ್ಲೂಮ್ ಮೂವರು ಸ್ತ್ರೀಯರನ್ನು ಉಪಮಂತ್ರಿಗಳನ್ನಾಗಿ ನೇಮಿಸಿದನು. ಅವರಲ್ಲೊಬ್ಬಳು ಮೇರಿ ಕ್ಯೂರಿಯ ಮಗಳಾದ ಇರೇನ್.

ಇವೆಲ್ಲವೂ ಹತ್ತೇ ವಾರಗಳ ಕೆಲಸ. ಪ್ರಶ್ನೆ ಬಗೆಹರಿಯಿತು, ಹೊಸಿಲು ದಾಟಿಯೂ ಮನುಷ್ಯ ಮನುಷ್ಯನಾಗಿಯೇ ಉಳಿಯಬಹುದು ಎಂದು ಯಾರಿಗಾದರೂ ಅನ್ನಿಸಿದ್ದರೆ ತಪ್ಪಿಲ್ಲ. ಆದರೆ ಜುಲೈಯಲ್ಲಿ ಸ್ಪೇನಿನಲ್ಲಿ ಯುದ್ಧ ಹತ್ತಿತು. ಸೋದರ ಗಣರಾಜ್ಯಕ್ಕೆ ಆಯುಧ ಕಳುಹಿಸಿದರೆ ರ್‍ಯಾಡಿಕಲರು ರಂಗ ಬಿಡುತ್ತಾರೆ, ಇಂಗ್ಲೆಂಡು ಕೈಬಿಡುತ್ತದೆ. ಬ್ಲೂಮ್ ನೊಂದುಕೊಂಡೇ ತಾಟಸ್ಥ್ಯವನ್ನು ಒಪ್ಪಿದನು. ಆಲ್ಜೀರಿಯದ ಇಪ್ಪತ್ತು ಸಾವಿರಕ್ಕೆ ಮಿಕ್ಕ ಮುಸಲ್ಮಾನರಿಗೆ ಪೌರತ್ವ ಕೊಡುವ ಮಸೂದೆಯನ್ನು ಸಿದ್ಧಪಡಿಸಿದನು. ಅಲ್ಲಿಯ ಫ್ರೆಂಚ್ ನೆಲೆಸಿಗರ ಪ್ರತಿಭಟನೆಯಿಂದ ಅದು ಮತಕ್ಕೆ ಬರಲೇ ಇಲ್ಲ. ಫ್ರಾಂಕಿನ ಬೆಲೆ ಇಳಿಯಿತು. ಬಂಡವಾಳ ದೇಶ ಬಿಟ್ಟು ಓಡಿತು. 1937ರ ಫೆಬ್ರವರಿಯಲ್ಲಿ ಸುಧಾರಣೆಗಳಿಗೆ ‘ವಿರಾಮ’ ಸಾರಬೇಕಾಯಿತು. ಜೂನಿನಲ್ಲಿ ಆರ್ಥಿಕ ವಿಷಯದಲ್ಲಿ ವಿಶೇಷಾಧಿಕಾರ ಕೇಳಿದಾಗ ಸೆನೆಟ್ಟು ಕೊಡಲಿಲ್ಲ. ಬ್ಲೂಮ್ ರಾಜೀನಾಮೆ ಕೊಟ್ಟನು. ಅಧಿಕಾರವನ್ನು ನಡೆಸುವುದೆಂದರೆ ಅದರ ಮಿತಿಗಳನ್ನೂ ನಡೆಸಿಕೊಡುವುದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆ ಮಿತಿಗಳನ್ನು ಮೀರಲು ಅವನು ಯತ್ನಿಸಬೇಕಾಗಿತ್ತೆಂಬ ವಾದ ಮಾತ್ರ ಎಂದೂ ನಿಂತಿಲ್ಲ.

1940ರ ಜುಲೈ 10ರಂದು ವಿಷಿ ಪಟ್ಟಣದಲ್ಲಿ ಸೋತ ಫ್ರಾನ್ಸಿನ ಪ್ರತಿನಿಧಿಗಳು ಮಾರ್ಷಲ್ ಪೆತೆನನಿಗೆ ಸರ್ವಾಧಿಕಾರವನ್ನು ಒಪ್ಪಿಸಿದರು. ಬೇಡವೆಂದವರು ಎಂಬತ್ತು ಮಂದಿ; ಅವರಲ್ಲಿ 36 ಮಂದಿ ಸಮಾಜವಾದಿಗಳು, ಬ್ಲೂಮನೂ ಒಬ್ಬ. ಆದರೆ ಬೇಕೆಂದವರ ಸಾಲಿನಲ್ಲಿಯೂ ಸಮಾಜವಾದಿಗಳು ಅದಕ್ಕಿಂತ ಹೆಚ್ಚಿದ್ದರು. ಬ್ಲೂಮನನ್ನು ಸೆರೆಹಿಡಿದು 1942ರಲ್ಲಿ ರಿಯೋಂ ಎಂಬಲ್ಲಿ ವಿಚಾರಣೆಗೆ ನಿಲ್ಲಿಸಿದರು. ನಲವತ್ತು ಗಂಟೆಯ ವಾರವೇ ಸೋಲಿಗೆ ಕಾರಣವೆಂಬುದು ಆರೋಪ. ಆರೋಪಿಯ ವಾದ ಆಪಾದಕರನ್ನೇ ಆರೋಪಿಗಳನ್ನಾಗಿ ಮಾಡಿಬಿಟ್ಟುದರಿಂದ ವಿಚಾರಣೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ಅವನನ್ನು ಜರ್ಮನಿಯ ಬುಖೆನ್‌ವಾಲ್ಡಿಗೆ ಸಾಗಿಸಿದರು. 1945ರಲ್ಲಿ ಅವನು ಜೀವಂತನಾಗಿ ಹಿಂತಿರುಗಿದನು.

ಯುದ್ಧಾನಂತರ ಸಮಾಜವಾದಿಗಳಿಗೆ ಮಂತ್ರಿಪೀಠ ಅಭ್ಯಾಸವಾಗಿಹೋಯಿತು. ಆ ಕಾಲವನ್ನು ನಾವು ಬೇಗ ದಾಟುವುದು ಒಳ್ಳೆಯದು. ಒಂದು ಅಧ್ಯಾಯವನ್ನು ಮಾತ್ರ ಬಿಡುವಂತಿಲ್ಲ. 1946ರಿಂದ ಪಕ್ಷದ ಕಾರ್ಯದರ್ಶಿಯಾಗಿದ್ದ ಗೀ ಮೊಲ್ಲೆ ಆ ಸ್ಥಾನಕ್ಕೆ ಬಂದದ್ದು ಪಕ್ಷವು ಮಾರ್ಕ್ಸನನ್ನು ಮರೆಯುತ್ತಿದೆಯೆಂದು ದೂರಿ. 1956ರಲ್ಲಿ ಆಲ್ಜೀರಿಯದಲ್ಲಿ ಶಾಂತಿ ತರುತ್ತೇನೆಂದು ಅವನು ಪ್ರಧಾನಿಯಾದನು. ಫೆಬ್ರವರಿ 6ರಂದು ಆಲ್ಜಿಯರ್ಸಿಗೆ ಹೋದಾಗ ಫ್ರೆಂಚ್ ನೆಲೆಸಿಗರು ಅವನ ಮೇಲೆ ಟೊಮೇಟೋ ಹಣ್ಣುಗಳನ್ನೆಸೆದರು. ಅವನು ಹಿಂದಕ್ಕೆ ಬಂದು ಸೈನ್ಯಕ್ಕೆ ವಿಶೇಷಾಧಿಕಾರಗಳನ್ನು ಕೊಟ್ಟನು, ಕಡ್ಡಾಯ ಸೇವೆಯ ಹುಡುಗರನ್ನು ಯುದ್ಧಕ್ಕೆ ಕಳುಹಿಸಿದನು. ಅದೇ ವರ್ಷ ಸೂಯೆಜ್ ಕಾಲುವೆಯ ಮೇಲೆ ಇಂಗ್ಲೆಂಡಿನ ಜೊತೆ ದಂಡೆತ್ತಿ ಹೋದನು. ದುಡಿಯುವವರ ರಜಾ ಎರಡು ವಾರದಿಂದ ಮೂರು ವಾರಕ್ಕೆ ಏರಿದ್ದೂ ಅವನ ಕಾಲದಲ್ಲೇ. ತೂರ್ ನಗರದಲ್ಲಿ ಇಂಡೋಚೀನದ ಯುವಕ ಕೇಳಿದ್ದ ಪ್ರಶ್ನೆಗೆ ಪಕ್ಷ ಮೂವತ್ತಾರು ವರ್ಷಗಳ ಮೇಲೆ ಕೊಟ್ಟ ಉತ್ತರ ಇದು. ಮನಸ್ಸಾಕ್ಷಿಯುಳ್ಳವರು 1958ರಲ್ಲಿ ಹೊರನಡೆದರು. 1969ರ ಅಧ್ಯಕ್ಷ ಚುನಾವಣೆಯಲ್ಲಿ ಪಕ್ಷದ ಅಭ್ಯರ್ಥಿ ದಫೇರನಿಗೆ ಬಂದದ್ದು ನೂರಕ್ಕೆ ಐದು ಮತ.

ಹಳೆಯ ಮನೆಯ ಹೆಸರು ಅಳಿಸಿ 1969ರಲ್ಲಿ ‘ಸಮಾಜವಾದಿ ಪಕ್ಷ’ ಎಂಬ ಹೊಸ ಹಲಗೆ ಹಾಕಿದರು. 1971ರ ಜೂನಿನಲ್ಲಿ ಎಪಿನೆ ಎಂಬಲ್ಲಿ ಸೇರಿದ ಸಭೆಯಲ್ಲಿ ಫ್ರಾನ್ಸ್ವಾ ಮಿತ್ತರಾನ್ ಪಕ್ಷವನ್ನು ಸೇರಿದನು. ಸೇರಿದ ಸಭೆಯಿಂದಲೇ ಅದರ ಪ್ರಥಮ ಕಾರ್ಯದರ್ಶಿಯಾಗಿ ಹೊರಬಂದನು. ಹಿಂದಿನ ಗಣರಾಜ್ಯದಲ್ಲಿ ಅನೇಕ ಸಲ ಮಂತ್ರಿಯಾಗಿದ್ದವನು, ಮೊಲ್ಲೆಯ ಸರ್ಕಾರದ ನ್ಯಾಯಮಂತ್ರಿಯೂ ಆಗಿದ್ದವನು ಅವನು. ಬಂಡವಾಳವ್ಯವಸ್ಥೆಯೊಡನೆ ಸಂಬಂಧ ಕಡಿದುಕೊಳ್ಳಲು ಒಪ್ಪದವನಿಗೆ ಈ ಪಕ್ಷದಲ್ಲಿ ಸ್ಥಳವಿಲ್ಲವೆಂದು ಅಲ್ಲಿ ಸಾರಿದವನೂ ಅವನೇ. 1981ರ ಮೇ 10ರಂದು ನೂರಕ್ಕೆ 51.76 ಮತಗಳಿಂದ ಅವನು ಗಣರಾಜ್ಯದ ಅಧ್ಯಕ್ಷನಾದನು. ಶಾಸನಸಭೆಯಲ್ಲಿ ಪಕ್ಷಕ್ಕೆ ಸ್ಪಷ್ಟ ಬಹುಮತ ಬಂದಿತು. ನಾಲ್ವರು ಕಮ್ಯೂನಿಸ್ಟರು ಮಂತ್ರಿಗಳಾದರು. ಮರಣದಂಡನೆ ರದ್ದಾಯಿತು; ಐದನೆಯ ವಾರದ ರಜಾ, ಅರವತ್ತಕ್ಕೆ ನಿವೃತ್ತಿ ಬಂದುವು; ಐದು ದೊಡ್ಡ ಕೈಗಾರಿಕಾ ಸಮೂಹಗಳೂ ಬಹುಪಾಲು ಬ್ಯಾಂಕುಗಳೂ ರಾಷ್ಟ್ರದ ಸ್ವತ್ತಾದುವು. ಈ ಸಲ ರ್‍ಯಾಡಿಕಲರ ಅಡ್ಡಿಯಿಲ್ಲ, ಸೆನೆಟ್ಟಿನ ಭಯವಿಲ್ಲ. ಆದರೂ ಫ್ರಾಂಕು ಎರಡು ವರ್ಷದೊಳಗೆ ಮೂರು ಸಲ ಇಳಿಯಿತು. 1983ರ ಮಾರ್ಚಿನಲ್ಲಿ, ಯೂರೋಪಿನ ನಾಣ್ಯವ್ಯವಸ್ಥೆಯಿಂದ ಹೊರಬಿದ್ದು ತನ್ನ ದಾರಿ ಹಿಡಿಯುವುದೋ, ಅದರೊಳಗುಳಿದು ಮಿತವ್ಯಯಕ್ಕೆ ಇಳಿಯುವುದೋ ಎಂದು ಹತ್ತು ದಿನ ಅಲೆದಾಡಿ, ಮಿತ್ತರಾನ್ ಎರಡನೆಯದನ್ನು ಆರಿಸಿದನು. ಮಿಲ್ಲರಾನನ ಕಾಲದಲ್ಲಿ ಕೇಳಿದ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ಇದೇ ಅತ್ಯಂತ ದೊಡ್ಡದು. ಬ್ಲೂಮ್ ತನ್ನ ವಿರಾಮವನ್ನು ವಿರಾಮವೆಂದು ಕರೆದಿದ್ದನು. ಮಿತ್ತರಾನ್ ಏನೂ ಬದಲಾಗಿಲ್ಲವೆಂದು ಹೇಳಿದನು. ಪಕ್ಷದ ಮಾತಿಗೂ ನಡತೆಗೂ ನಡುವೆ ಬಿದ್ದ ಬಿರುಕು ಆ ಮೌನದಿಂದ ಬಂದದ್ದೆಂದು ನಮ್ಮ ಅಭಿಮತ.

ಆಮೇಲಿನದು ಇಳಿಜಾರಿನ ಕಥೆ. ಝೋಸ್ಪೆನನ ಸರ್ಕಾರ ವಾರಕ್ಕೆ ಮೂವತ್ತೈದು ಗಂಟೆಯ ಕಾನೂನು ಮಾಡಿತು. 2002ರ ಏಪ್ರಿಲ್ 21ರಂದು ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಿನಲ್ಲಿಯೇ ಅವನು ಮೂರನೆಯವನಾಗಿ ಸೋತನು. 2012ರಲ್ಲಿ ಗೆದ್ದ ಓಲಾಂದನ ಆರ್ಥಿಕ ಮಂತ್ರಿಯಾಗಿದ್ದ ಮಾಕ್ರೋನ್, ಪಕ್ಷವನ್ನು ಬಿಟ್ಟು ನಿಂತು 2017ರಲ್ಲಿ ತಾನೇ ಅಧ್ಯಕ್ಷನಾದನು. ಸಮಾಜವಾದಿ ಅಭ್ಯರ್ಥಿಗೆ ನೂರಕ್ಕೆ ಆರೂ ಚಿಲ್ಲರೆ ಮತ, 2022ರಲ್ಲಿ ಎರಡಕ್ಕೂ ಕಡಮೆ. ಸಾಲ ಮತ್ತು ಖರ್ಚಿಗಾಗಿ ಪ್ಯಾರಿಸ್ಸಿನ ಸೋಲ್ಫೆರೀನೋ ಬೀದಿಯ ತನ್ನ ಕೇಂದ್ರ ಕಚೇರಿಯನ್ನು ಮಾರಿ ಪಕ್ಷವು 2018ರಲ್ಲಿ ಈವ್ರಿ ಎಂಬ ಹೊರವಲಯದ ಊರಿಗೆ ಗಂಟುಮೂಟೆ ಸಾಗಿಸಿತು. ಆ ಊರಿನ ಪುರಸಭೆ 1925ರಿಂದ, ಜರ್ಮನರು ಆಕ್ರಮಿಸಿದ್ದ ಕಾಲವೊಂದು ಹೊರತು, ಕಮ್ಯೂನಿಸ್ಟರ ಕೈಯಲ್ಲಿದ್ದುದು.

2024ರ ಜೂನಿನಲ್ಲಿ ಎಡಪಕ್ಷಗಳೆಲ್ಲ ಕೂಡಿ 1936ರ ಹೆಸರನ್ನೇ ಹೊಸದು ಮಾಡಿ ‘ನೂತನ ಜನತಾರಂಗ’ ಕಟ್ಟಿ ಶಾಸನಸಭೆಯಲ್ಲಿ ಎಲ್ಲರಿಗಿಂತ ದೊಡ್ಡ ಕೂಟವಾದುವು. ಬಹುಮತ ಮಾತ್ರ ಬರಲಿಲ್ಲ. 2025ರ ಅಕ್ಟೋಬರಿನಲ್ಲಿ ಪ್ರಧಾನಿ ಲೆಕೋರ್ನ್ಯೂ ನಿವೃತ್ತಿಯ ವಯಸ್ಸನ್ನು ಏರಿಸಿದ್ದ 2023ರ ಕಾನೂನನ್ನು ತಡೆಹಿಡಿಯುವುದಾಗಿ ಮಾತುಕೊಟ್ಟಾಗ, ಬಹುಪಾಲು ಸಮಾಜವಾದಿ ಪ್ರತಿನಿಧಿಗಳು ಅವನ ಮೇಲಿನ ಅವಿಶ್ವಾಸದ ಸೂಚನೆಗೆ ಮತ ಕೊಡದೆ ಸರ್ಕಾರವನ್ನು ಉಳಿಸಿದರು. ರಂಗದ ಬೇರೆ ಪಕ್ಷದವರು ದ್ರೋಹವೆಂದು ಕೂಗಿದರು. ಪಕ್ಷವು ಆ ಮಂತ್ರಿಮಂಡಲವನ್ನು ಸೇರಲಿಲ್ಲ.